ಮುಕ್ತ ತಂತ್ರಾಂಶ ಕಂಪ್ಯೂಟರಿಗೆ ಬರುವ ದಾರಿಗಳು

ಮುಕ್ತ ತಂತ್ರಾಂಶವನ್ನು ಬರೆದು ಮುಗಿಸಿದರಷ್ಟೇ ಸಾಲದು, ಅದು ಬಳಸುವವರ ಕಂಪ್ಯೂಟರನ್ನು ಸೇರಬೇಕು. ಲಿನಕ್ಸ್‌ನಲ್ಲಿ ಇದಕ್ಕೆ ಹಲವು ದಾರಿಗಳಿವೆ. ಸೋರ್ಸ್ ಕೋಡನ್ನೇ ಕೊಟ್ಟು ಬಿಡಬಹುದು. ಡೆಬಿಯನ್, ಫೆಡೋರಾದಂಥ ಡಿಸ್ಟ್ರೋಗಳ, ಎಂದರೆ ಲಿನಕ್ಸ್ ವಿತರಣೆಗಳ, ಭಂಡಾರಕ್ಕೆ ಸೇರಿಸಬಹುದು. ಫ್ಲಾಟ್‌ಪ್ಯಾಕ್, ಸ್ನ್ಯಾಪ್, ಆಪ್‌ಇಮೇಜ್ ರೂಪದಲ್ಲಿ ನೇರವಾಗಿಯೂ ತಲುಪಿಸಬಹುದು. ಲಿಬ್ರೆಆಫೀಸ್ ಈ ಎಲ್ಲ ರೂಪಗಳಲ್ಲೂ ಸಿಗುತ್ತದೆ. ಅಷ್ಟು ಜನಬಲವಿಲ್ಲದ ಸಣ್ಣ ತಂಡ ಒಂದೆರಡನ್ನು ಆರಿಸಿಕೊಳ್ಳಬೇಕಾಗುತ್ತದೆ. ಆಗ ಇನ್‌ಸ್ಟಾಲ್ ಮಾಡುವುದು ಎಷ್ಟು ಸುಲಭ ಎಂಬುದಕ್ಕಿಂತ, ಇನ್‌ಸ್ಟಾಲ್ ಆದ ಮೇಲೆ ವರ್ಷಗಟ್ಟಲೆ ಅದನ್ನು ನೋಡಿಕೊಳ್ಳುವ ಹೊಣೆ ಯಾರದು ಎಂಬುದೇ ಮುಖ್ಯ.

ಮೊದಮೊದಲು ಸೋರ್ಸ್ ಕೋಡನ್ನು ಇಳಿಸಿಕೊಂಡು ತಾವೇ ಕಂಪೈಲ್ ಮಾಡುವುದು ವಾಡಿಕೆಯಾಗಿತ್ತು. ಒಂದು ಪ್ರೋಗ್ರಾಮಿಗೆ ಒಂದು ಲೈಬ್ರರಿ ಬೇಕು, ಆ ಲೈಬ್ರರಿಗೆ ಮತ್ತೊಂದು. ಅವನ್ನೆಲ್ಲ ಬಳಕೆದಾರರೇ ಹುಡುಕಿ ತರಬೇಕಿತ್ತು. ತೆಗೆದುಹಾಕಬೇಕೆಂದರೆ ಯಾವ ಫೈಲು ಎಲ್ಲಿ ಹೋಗಿ ಕೂತಿದೆ ಎಂಬ ಲೆಕ್ಕವೂ ಸಿಗುತ್ತಿರಲಿಲ್ಲ. ಇಯಾನ್ ಮರ್ಡಾಕ್ 1993ರಲ್ಲಿ ಆರಂಭಿಸಿದ ಡೆಬಿಯನ್ ಮತ್ತು ಆರ್‌ಪಿಎಂ ಎಂಬ ಪ್ಯಾಕೇಜ್ ವ್ಯವಸ್ಥೆಯನ್ನು ರೂಪಿಸಿದ ರೆಡ್ ಹ್ಯಾಟ್ ಈ ಲೆಕ್ಕವನ್ನು ಪ್ಯಾಕೇಜಿನೊಳಗೇ ಬರೆದಿಟ್ಟವು. ಯಾವುದಕ್ಕೆ ಯಾವುದು ಬೇಕೆಂದು ತಿಳಿದು ಎಲ್ಲವನ್ನೂ ತಾನೇ ತರುವ ಆಪ್ಟ್ 1999ರ ಡೆಬಿಯನ್ ಆವೃತ್ತಿಯೊಂದಿಗೆ ಬಂತು. ಕನ್ನಡ ಫಾಂಟುಗಳನ್ನೇ ನೋಡಿ: ಡೆಬಿಯನ್ನಿನಲ್ಲಿ ಗುಬ್ಬಿ, ನವಿಲು, ಲೋಹಿತ್ ಬೇರೆ ಬೇರೆ ಪ್ಯಾಕೇಜುಗಳು. 'ಫಾಂಟ್ಸ್-ಕೆಎನ್‌ಡಿಎ' ಎಂಬ ಒಂದು ಪ್ಯಾಕೇಜ್ ಕೇಳಿದರೆ ಮೂರೂ ಬರುತ್ತವೆ. ಅದರೊಳಗೆ ಫಾಂಟೇ ಇಲ್ಲ, ಬೇಕಾದವುಗಳ ಪಟ್ಟಿ ಮಾತ್ರ ಇದೆ.

ಈ ಪದ್ಧತಿಯ ನಿಜವಾದ ಬೆಲೆ ತಿಳಿದದ್ದು 2014ರ ಏಪ್ರಿಲ್‌ನಲ್ಲಿ. ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿದ್ದ ಹಾರ್ಟ್‌ಬ್ಲೀಡ್ ಎಂಬ ದೋಷದಿಂದಾಗಿ ಸರ್ವರುಗಳ ಮೆಮೊರಿಯಲ್ಲಿದ್ದ ಗುಟ್ಟುಗಳು ಹೊರಗಿನವರ ಕೈಗೆ ಸಿಗುವಂತಾಗಿತ್ತು. ಡಿಸ್ಟ್ರೋಗಳು ಆ ಒಂದು ಲೈಬ್ರರಿಯನ್ನು ಸರಿಪಡಿಸಿ ಕಳುಹಿಸಿದರೆ ಸಾಕಾಯಿತು. ಅದನ್ನು ಹಂಚಿಕೊಂಡು ಬಳಸುತ್ತಿದ್ದ ಪ್ರೋಗ್ರಾಮುಗಳನ್ನು ಮತ್ತೆ ಚಾಲೂ ಮಾಡಿದೊಡನೆ ಅವೂ ಸರಿಯಾದವು. ಲೈಬ್ರರಿಯ ಸ್ವಂತ ಪ್ರತಿಯನ್ನು ಒಳಗಿಟ್ಟುಕೊಂಡಿದ್ದ ಪ್ರೋಗ್ರಾಮುಗಳನ್ನಾದರೋ ಅವುಗಳ ತಯಾರಕರೇ ಒಂದೊಂದಾಗಿ ತಿದ್ದಬೇಕಾಯಿತು.

ಡಿಸ್ಟ್ರೋ ದಾರಿಯ ಕೊರತೆ ಎಂದರೆ ನಿಧಾನ. ಡೆಬಿಯನ್ನಿನ ಸ್ಥಿರ ಆವೃತ್ತಿ ಸುಮಾರು ಎರಡು ವರ್ಷಕ್ಕೊಮ್ಮೆ ಬರುತ್ತದೆ. ನಡುವೆ ದೋಷಗಳ ತಿದ್ದುಪಡಿ ಬರುತ್ತದೆಯೇ ಹೊರತು ಹೊಸ ಸೌಲಭ್ಯಗಳು ಬರುವುದು ಅಪರೂಪ. ಜೊತೆಗೆ ಒಂದೊಂದು ಡಿಸ್ಟ್ರೋಗೂ ಬೇರೆ ಬೇರೆ ಪ್ಯಾಕೇಜ್ ಕಟ್ಟಬೇಕು. ಈ ತೊಡಕನ್ನು ನಿವಾರಿಸಲೆಂದೇ ಫ್ಲಾಟ್‌ಪ್ಯಾಕ್ ಮತ್ತು ಸ್ನ್ಯಾಪ್ 2016ರ ಹೊತ್ತಿಗೆ ಬಳಕೆಗೆ ಬಂದವು. ಫ್ಲಾಟ್‌ಪ್ಯಾಕ್ ಪರದೆಯ ಮೇಲೆ ತೆರೆದುಕೊಳ್ಳುವ ಆಪ್‌ಗಳಿಗೆ ಒಗ್ಗುತ್ತದೆ. ಆಪ್ ಅನ್ನು ಉಳಿದ ವ್ಯವಸ್ಥೆಯಿಂದ ಬೇರ್ಪಡಿಸಿ ಓಡಿಸುತ್ತದೆ. ಆದರೆ ಬಳಕೆದಾರರ ಇಡೀ ಹೋಮ್ ಫೋಲ್ಡರಿಗೆ ಪ್ರವೇಶ ಕೇಳುವ ಆಪ್‌ಗೆ ಒಪ್ಪಿಗೆ ಸಿಕ್ಕರೆ ಆ ರಕ್ಷಣೆ ಬಹುಮಟ್ಟಿಗೆ ಹೆಸರಿಗಷ್ಟೇ. ಸ್ನ್ಯಾಪ್ ಸರ್ವರಿನ ಪ್ರೋಗ್ರಾಮುಗಳಿಗೂ ಹೊಂದುತ್ತದೆ, ಅದರ ಅಂಗಡಿ ಮಾತ್ರ ಕ್ಯಾನೊನಿಕಲ್ ಕಂಪನಿಯ ಕೈಯಲ್ಲಿದೆ. ಆಪ್‌ಇಮೇಜ್ ಒಂದೇ ಫೈಲು. ಪೆನ್‌ಡ್ರೈವಿನಲ್ಲಿ ಒಯ್ದು ಓಡಿಸಬಹುದು, ಆದರೆ ಹೊಸ ಆವೃತ್ತಿ ಬಂದಾಗ ಸಾಮಾನ್ಯವಾಗಿ ತಾವೇ ಹೋಗಿ ತರಬೇಕು.

ಹಾಗೆಂದು ನಿಧಾನವನ್ನು ಬರೀ ದೋಷವೆಂದು ಎಣಿಸುವುದು ತಪ್ಪು. 2024ರ ಮಾರ್ಚ್ ಕೊನೆಯಲ್ಲಿ ಎಕ್ಸ್‌ಝಡ್ ಎಂಬ ಕಂಪ್ರೆಷನ್ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲೊಂದು ಪತ್ತೆಯಾಯಿತು. ರಿಮೋಟ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದ್ದುದನ್ನು ಆಂಡ್ರೆಸ್ ಫ್ರಾಯ್ಂಡ್ ಎಂಬ ತಂತ್ರಜ್ಞ ಗಮನಿಸಿ ಬೆನ್ನು ಹತ್ತಿದ್ದರಿಂದ ಅದು ಬಯಲಾಯಿತು. ಆ ಕೇಡನ್ನು ಚಾಲನೆಗೆ ತರುವ ಸಾಲುಗಳು ಎಲ್ಲರೂ ಓದಬಹುದಾದ ಕೋಡ್ ಭಂಡಾರದಲ್ಲಿರಲಿಲ್ಲ. ಬಿಡುಗಡೆಗೆಂದು ಸೋರ್ಸ್ ಕೋಡನ್ನು ಒಟ್ಟುಗೂಡಿಸಿ ಕಟ್ಟಿದ ಟಾರ್‌ಬಾಲ್‌ನಲ್ಲಿ ಮಾತ್ರ ಇದ್ದವು. ಡೆಬಿಯನ್ನಿನ ಪರೀಕ್ಷಾ ಶಾಖೆಗಳವರೆಗೆ ಬಂದಿದ್ದ ಅದು ಸ್ಥಿರ ಆವೃತ್ತಿಯನ್ನು ಮುಟ್ಟಿರಲಿಲ್ಲ.

ಆದ್ದರಿಂದ ಲೈಬ್ರರಿ, ಫಾಂಟ್, ಟರ್ಮಿನಲ್ಲಿನ ಉಪಕರಣ, ಸರ್ವರ್ ತಂತ್ರಾಂಶಗಳಿಗೆ ಡಿಸ್ಟ್ರೋ ಭಂಡಾರವೇ ಮೊದಲ ಆಯ್ಕೆಯಾಗಬೇಕು. ತಿಂಗಳಿಗೊಮ್ಮೆ ಬದಲಾಗುವ ಡೆಸ್ಕ್‌ಟಾಪ್ ಆಪ್‌ಗೆ ಫ್ಲಾಟ್‌ಪ್ಯಾಕ್ ಸೂಕ್ತ, ಅದು ಒಳಗಿಟ್ಟುಕೊಂಡ ಲೈಬ್ರರಿಗಳ ದೋಷ ತಿದ್ದುವ ಹೊಣೆಯನ್ನು ತಂಡ ಹೊರುವುದಾದರೆ. ಯಾವ ದಾರಿ ಹಿಡಿದರೂ ಡಿಜಿಟಲ್ ಸಹಿಯುಳ್ಳ ಸೋರ್ಸ್ ಕೋಡನ್ನೂ ಅದನ್ನು ಕಂಪೈಲ್ ಮಾಡುವ ವಿಧಾನವನ್ನೂ ಪ್ರಕಟಿಸಲೇಬೇಕು. ಡಿಸ್ಟ್ರೋಗಳ ಸ್ವಯಂಸೇವಕರು ಪ್ಯಾಕೇಜ್ ಕಟ್ಟುವುದು ಅದರಿಂದಲೇ.