ಒಂದೇ ದಿನದ ಗೋಕರ್ಣ, ಅಮ್ಮನ ಮೊಣಕಾಲಿನ ಲೆಕ್ಕದಲ್ಲಿ

ನಮ್ಮಮ್ಮನಿಗೆ 61 ವರ್ಷ. ಇಷ್ಟು ವರ್ಷದಲ್ಲಿ ಆಕೆ ಸಮುದ್ರ ನೋಡಿದ್ದು ಟಿವಿಯಲ್ಲಿ ಮಾತ್ರ. ನಮ್ಮೂರು ಶಿರಾ ಹತ್ತಿರ. ಕೆರೆ ಕೋಡಿ ಬಿದ್ದರೆ ಊರಿಗೆ ಊರೇ ನೋಡೋಕೆ ಹೋಗೋ ಸೀಮೆ ಅದು. ಅಪ್ಪನದು ಕಿರಾಣಿ ಅಂಗಡಿ. 'ಅಂಗಡಿ ಬಾಗಿಲು ಹಾಕಿ ಎಲ್ಲಿಗೆ ಹೋಗೋದು?' ಅನ್ನೋ ಒಂದೇ ಪ್ರಶ್ನೆಯಲ್ಲಿ ನಮ್ಮ ಮನೆಯ ಎಲ್ಲ ಪ್ರವಾಸಗಳೂ ಮುಗಿದುಹೋಗ್ತಿದ್ದವು.

ನನಗೆ ಕೆಲಸ ಸಿಕ್ಕಿ ಎಂಟು ವರ್ಷ. ಮೊದಲ ಸಂಬಳ ಬಂದ ದಿನವೇ 'ಅಮ್ಮಾ, ನಿನಗೆ ಸಮುದ್ರ ತೋರಿಸ್ತೀನಿ' ಅಂದಿದ್ದೆ. ಆಮೇಲೆ ಕೊರೊನಾ ಬಂತು, ಕಂಪನಿ ಬದಲಾಯಿತು, ರಿಲೀಸ್ ಮೇಲೆ ರಿಲೀಸ್ ಬಂತು. ಈ ಜನವರಿಯಲ್ಲಿ ಮೂಳೆ ಡಾಕ್ಟರು ಅಮ್ಮನ ಎಕ್ಸ್‌ರೇ ನೋಡಿ, ಎರಡೂ ಮೊಣಕಾಲಿಗೆ ಆಪರೇಷನ್ ಬೇಕು, ಏಪ್ರಿಲ್‌ನಲ್ಲಿ ಒಂದು ಕಾಲು ಮಾಡೋಣ ಅಂದರು. ಮನೆಗೆ ಬರೋ ದಾರಿಯಲ್ಲಿ ಅಮ್ಮ ಕೇಳಿದ್ದು ಒಂದೇ: 'ಅದಕ್ಕೆ ಮುಂಚೆ ಒಂದ್ಸಲ ಸಮುದ್ರ ನೋಡ್ಕೊಂಡು ಬರಬಹುದೇನೇ?'

ಫೆಬ್ರವರಿಯಲ್ಲಿ ನನಗೆ ರಜೆ ಇರಲಿಲ್ಲ. ಅಪ್ಪ ಒಬ್ಬರೇ ಎರಡು ರಾತ್ರಿಗಿಂತ ಹೆಚ್ಚು ಇರೋರಲ್ಲ. ಹಾಗಾಗಿ ಒಂದೇ ದಿನ. ಶುಕ್ರವಾರ ರಾತ್ರಿ ಹೊರಟು, ಶನಿವಾರ ಅಲ್ಲಿದ್ದು, ಭಾನುವಾರ ಬೆಳಗ್ಗೆ ಬೆಂಗಳೂರಿಗೆ ವಾಪಸ್. ಗೋಕರ್ಣ ಅಂತ ತೀರ್ಮಾನ ಮಾಡಿದೆ; ಅಮ್ಮನಿಗೆ ದೇವರೂ ಸಿಗುತ್ತೆ, ನೀರೂ ಸಿಗುತ್ತೆ.

ಎಂಜಿನಿಯರ್ ಬುದ್ಧಿ ಸುಮ್ಮನಿರುತ್ತಾ? ಎಕ್ಸೆಲ್ ತೆರೆದೆ. ಮಹಾಗಣಪತಿ, ಮಹಾಬಲೇಶ್ವರ, ಕೋಟಿತೀರ್ಥ, ಕುಡ್ಲೆ ಬೀಚ್, ಓಂ ಬೀಚ್, ಹಾಫ್ ಮೂನ್, ಪ್ಯಾರಡೈಸ್, ಮಿರ್ಜಾನ್ ಕೋಟೆ, ಆಸೆ ಹೆಚ್ಚಾಗಿ ಯಾಣ ಕೂಡ. ಒಟ್ಟು 14 ಸಾಲು. ಪ್ರತಿಯೊಂದಕ್ಕೂ ಶುರು, ಮುಗಿಯೋ ಸಮಯ, ನಡುವೆ 15 ನಿಮಿಷ ಬಫರ್. ಫೋನಿನಲ್ಲಿ ಅಮ್ಮನಿಗೆ ಓದಿ ಹೇಳಿದೆ. ಎಲ್ಲ ಕೇಳಿಸಿಕೊಂಡು, 'ಇದರಲ್ಲಿ ನೀರಲ್ಲಿ ನಿಂತ್ಕೊಳ್ಳೋದು ಯಾವಾಗ?' ಅಂದಳು.

ಅಲ್ಲಿಂದ ಅಳಿಸೋಕೆ ಶುರು ಮಾಡಿದೆ. ಓಂ ಬೀಚಿನ ಹತ್ತಿರದವರೆಗೂ ಗಾಡಿ ಹೋಗುತ್ತೆ, ಆದರೆ ಮರಳಿಗೆ ಇಳಿಯೋಕೆ ಮೆಟ್ಟಿಲಿವೆ. ಕುಡ್ಲೆಗೂ ಇಳಿಜಾರು, ಮೆಟ್ಟಿಲು. ಹಾಫ್ ಮೂನ್, ಪ್ಯಾರಡೈಸ್‌ಗೆ ಗುಡ್ಡ ಹತ್ತಿ ಇಳಿಯಬೇಕು, ಇಲ್ಲವೇ ದೋಣಿ ಹತ್ತಬೇಕು. ಅಮ್ಮನ ಮೊಣಕಾಲಿಗೆ ಇಳಿಯೋದೇ ಹತ್ತೋದಕ್ಕಿಂತ ಕಷ್ಟ. ಉಳಿದದ್ದು ಊರಿನದೇ ಬೀಚ್. ಯಾರೂ ರೀಲ್ಸ್ ಮಾಡದ, ಹಿಪ್ಪಿ ಕೆಫೆಗಳಿಲ್ಲದ, ದೇವಸ್ಥಾನದಿಂದ ನಾಲ್ಕು ಹೆಜ್ಜೆ ದೂರದ ಸಪಾಟು ತೀರ. (ಓಂ ಬೀಚ್ ಬಿಟ್ಟಿದ್ದಕ್ಕೆ ನನಗೆ ಹೊಟ್ಟೆ ಉರೀತು. ಇರಲಿ.)

ಗೋಕರ್ಣಕ್ಕೆ ಒಂದು ದಿನಕ್ಕೆ ಹೋಗೋರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಹೇಳಿ ಮಾಡಿಸಿದ ಹಾಗಿದೆ. ಸಂಜೆ ಏಳರ ಆಸುಪಾಸಿಗೆ ಬೆಂಗಳೂರು ಬಿಟ್ಟರೆ, ಸಕಲೇಶಪುರದ ಘಾಟಿ ರಾತ್ರಿಯಲ್ಲೇ ಇಳಿದು, ಬೆಳಗ್ಗೆ ಏಳರ ಸುಮಾರಿಗೆ ಗೋಕರ್ಣ ರೋಡ್. ವಾಪಸ್ ಗಾಡಿ ಅದೇ ದಿನ ಸಂಜೆ ಆರೂವರೆ ದಾಟಿದ ಮೇಲೆ. ಸಮಯ ಆಗಾಗ ಬದಲಾಗುತ್ತೆ, ಬುಕ್ ಮಾಡುವಾಗ ನೋಡಿಕೊಳ್ಳಿ. ರಿಸರ್ವೇಶನ್ 60 ದಿನ ಮೊದಲೇ ತೆರೆಯುತ್ತೆ, ವಾರಾಂತ್ಯದ ಸೀಟು ಬೇಗ ಖಾಲಿ. ನಾನು ಡಾಕ್ಟರ್ ಹತ್ತಿರ ಹೋಗಿಬಂದ ರಾತ್ರಿಯೇ ಕೂತು ನೋಡಿದ್ದಕ್ಕೆ ಸಿಕ್ಕಿತು. 45 ದಾಟಿದ ಹೆಂಗಸರಿಗೆ ಲೋವರ್ ಬರ್ತ್ ಕೋಟಾ ಇದೆ. ಅದಕ್ಕೆ ಅಮ್ಮನ ಟಿಕೆಟ್ ಬೇರೆ, ನನ್ನದು ಬೇರೆ ಮಾಡಿದೆ.

ಆದರೆ ಇಲ್ಲೊಂದು ಸಿಕ್ಕು. ಫೆಬ್ರವರಿಯಲ್ಲಿ ಗೋಕರ್ಣದಲ್ಲಿ ಸೂರ್ಯ ಮುಳುಗೋದು ಆರು ನಲವತ್ತರ ಹತ್ತಿರ. ಟ್ರೈನ್ ಬರೋದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಸ್ಟೇಷನ್ ಊರಿನಿಂದ ಹತ್ತು ಕಿಲೋಮೀಟರ್ ಆಸುಪಾಸು. ಅಂದರೆ ಟ್ರೈನ್ ಬೇಕೆಂದರೆ ಸೂರ್ಯಾಸ್ತ ಇಲ್ಲ. ಸೂರ್ಯಾಸ್ತ ಬೇಕೆಂದರೆ ರಾತ್ರಿ ಸ್ಲೀಪರ್ ಬಸ್. ಬಸ್ಸಿನಲ್ಲಿ ಟಾಯ್ಲೆಟ್ ಇರಲ್ಲ. ಅಮ್ಮನಿಗೆ ಶುಗರ್, ರಾತ್ರಿ ಮೂರು ಸಲವಾದರೂ ಏಳಬೇಕು. ಬಸ್ಸಲ್ಲಿ ಹೋಗೋದಾದರೆ ಆಕೆ ಏನು ಮಾಡ್ತಾಳೆ ಅಂತ ನನಗೆ ಗೊತ್ತು. ಹಿಂದಿನ ದಿನ ಮಧ್ಯಾಹ್ನದಿಂದಲೇ ನೀರು ಕುಡಿಯೋದು ನಿಲ್ಲಿಸ್ತಾಳೆ. ನಮ್ಮ ಅಮ್ಮಂದಿರೆಲ್ಲ ಹೀಗೇ ಅಲ್ವಾ ಪ್ರಯಾಣ ಮಾಡಿದ್ದು?

ಎರಡು ದಿನ ಈ ಒಂದು ಸಾಲಿನ ಮೇಲೆ ಕೂತಿದ್ದೆ. ಸಮುದ್ರ ಅಂದಮೇಲೆ ಸೂರ್ಯ ಮುಳುಗೋದು ತೋರಿಸದೆ ಕರ್ಕೊಂಡು ಬರೋದಾ? ಕೊನೆಗೆ ಆಕೆಯನ್ನೇ ಕೇಳಿದೆ. 'ಸೂರ್ಯ ನಮ್ಮೂರಲ್ಲೂ ಮುಳುಗ್ತಾನೆ ಬಿಡೇ' ಅಂದಳು. ಟ್ರೈನ್ ಟಿಕೆಟ್ ಮಾಡಿದೆ.

ಇನ್ನೊಂದು ವಿಷಯ ಕಲಿತೆ, ಇದನ್ನು ಯಾವ 'ಒನ್ ಡೇ ಪ್ಲಾನ್' ವಿಡಿಯೋದಲ್ಲೂ ನಾನು ಕೇಳಿರಲಿಲ್ಲ. ಕಾಲು ನೋವಿರೋರಿಗೆ ಒಣ ಮರಳಿನ ಮೇಲೆ ನಡೆಯೋದು ನರಕ, ಹೆಜ್ಜೆ ಹೂತುಹೋಗುತ್ತೆ. ಅದೇ ಇಳಿತದ ಹೊತ್ತಿಗೆ ನೀರು ಹಿಂದೆ ಸರಿದು ಬಿಟ್ಟ ಒದ್ದೆ ಮರಳು ಗಟ್ಟಿ, ಮನೆ ಅಂಗಳದ ಹಾಗೆ. ಅಲ್ಲಿ ಸಮುದ್ರ ದಿನಕ್ಕೆ ಎರಡು ಸಲ ಏರುತ್ತೆ, ಎರಡು ಸಲ ಇಳಿಯುತ್ತೆ. ದಿನ ದಿನಕ್ಕೆ ಆ ಸಮಯ ಸುಮಾರು 50 ನಿಮಿಷ ಮುಂದೆ ಹೋಗುತ್ತೆ. ಹುಣ್ಣಿಮೆ, ಅಮಾವಾಸ್ಯೆ ಹೊತ್ತಿಗೆ ಏರಿಳಿತ ಜೋರು. ಕಾರವಾರದ ಉಬ್ಬರ-ಇಳಿತದ ಪಟ್ಟಿ ನೆಟ್‌ನಲ್ಲೇ ಸಿಗುತ್ತೆ. ಹುಣ್ಣಿಮೆ ಹತ್ತಿರದ ಒಂದು ಶನಿವಾರ ಇಳಿತ ಸಂಜೆ ನಾಲ್ಕೂವರೆ ಸುಮಾರಿಗಿತ್ತು. ಶಿವರಾತ್ರಿಗೆ ಇನ್ನೂ ಎರಡು ವಾರ ಇದ್ದಿದ್ದರಿಂದ ಜಾತ್ರೆಯ ಜನವೂ ಇರಲ್ಲ. ಆ ಶನಿವಾರ ಆನ್‌ಕಾಲ್ ನನ್ನದೇ ಇತ್ತು. ಸಹೋದ್ಯೋಗಿ ಜೊತೆ ಅದಲು ಬದಲು ಮಾಡಿಕೊಂಡೆ. ಬದಲಿಗೆ ಯುಗಾದಿ ವಾರ ನನ್ನ ತಲೆಗೆ ಬಂತು.

ಎಕ್ಸೆಲ್‌ನಲ್ಲಿ ಕೊನೆಗೆ ಉಳಿದದ್ದು ನಾಲ್ಕು ಸಾಲು: ನೀರು, ದೇವರು, ರೂಮು, ನೀರು.

ಬೆಳಗ್ಗೆ ಸ್ಟೇಷನ್‌ನಲ್ಲಿ ಆಟೋದವರಿಗೆ, ಸಾಣಿಕಟ್ಟೆ ಕಡೆಯಿಂದ ಹೋಗೋಣ ಅಂದೆ. ಅಲ್ಲಿ ಉಪ್ಪಿನ ಗದ್ದೆಗಳಿವೆ. ಸಮುದ್ರದ ನೀರನ್ನು ಮಡಿ ಕಟ್ಟಿ ನಿಲ್ಲಿಸಿ, ಬಿಸಿಲಿಗೆ ಆರಿಸಿ ಉಪ್ಪು ತೆಗೀತಾರೆ. ಪಕ್ಕದ ಅಂಕೋಲಾದಲ್ಲಿ 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದದ್ದು ಶಾಲೆಯಲ್ಲಿ ಓದಿದ್ದೆ, ಅಮ್ಮನಿಗೆ ಹೇಳಿದೆ. ಆಕೆಯ ಕಣ್ಣು ಉಪ್ಪಿನ ರಾಶಿ ಮೇಲಿತ್ತು. 'ನಿಮ್ಮಪ್ಪ ನೋಡಿದ್ದರೆ ಕೆಜಿ ಎಷ್ಟು ಅಂತ ಕೇಳೋರು' ಅಂದಳು.

ಗೋಕರ್ಣದ ಪದ್ಧತಿ ಪ್ರಕಾರ ಮೊದಲು ಸಮುದ್ರಸ್ನಾನ, ಆಮೇಲೆ ಮಹಾಗಣಪತಿ, ಆಮೇಲೆ ಮಹಾಬಲೇಶ್ವರ. ನಮಗೂ ಅದೇ ಅನುಕೂಲ. ರಥಬೀದಿ ದಾಟಿ ತೀರಕ್ಕೆ ಬಂದಾಗ ಎಂಟು ಗಂಟೆ. ನಾನು ಫೋನ್ ತೆಗೆದು ವಿಡಿಯೋ ಆನ್ ಮಾಡಿಕೊಂಡು ನಿಂತೆ, ಅಮ್ಮನ ಮುಖ ಹಿಡೀಬೇಕು ಅಂತ. ಆಕೆ ಏನೂ ಹೇಳಲಿಲ್ಲ. ಬಾಯಿ ಮೇಲೆ ಸೆರಗು ಇಟ್ಕೊಂಡು ಸುಮ್ಮನೆ ನಿಂತಳು. ಸ್ವಲ್ಪ ಹೊತ್ತಾದ ಮೇಲೆ, 'ಇದು ನಿಲ್ಲೋದೇ ಇಲ್ವೇನೇ?' ಅಂದಳು. ಅಲೆಗಳ ಬಗ್ಗೆ. ರಾತ್ರಿಯೂ ಹೀಗೇ ಬರ್ತಾ ಇರುತ್ತಾ, ಯಾರೂ ನೋಡದೆ ಇದ್ದಾಗಲೂ? ಹೌದಮ್ಮ ಅಂದೆ. ಆ ವಿಡಿಯೋ ನಾನು ಯಾರಿಗೂ ಕಳಿಸಿಲ್ಲ.

ಕಾಲು ತೊಳೆದು, ತಲೆಗೆ ನೀರು ಚಿಮುಕಿಸಿಕೊಂಡು ದರ್ಶನಕ್ಕೆ ಹೋದೆವು. ಗಂಡಸರು ಪಂಚೆ ಒಯ್ಯಿರಿ, ಒಳಗೆ ಶರ್ಟು ಬನೀನು ತೆಗೀಬೇಕು. ಜೀನ್ಸ್ ಹಾಕಿ ಹೋದರೆ ಬಾಗಿಲಲ್ಲೇ ಪರದಾಟ. ಮಧ್ಯಾಹ್ನ ಬಾಗಿಲು ಹಾಕ್ತಾರೆ, ಆದ್ದರಿಂದ ಹನ್ನೊಂದರೊಳಗೆ ಮುಗಿಸಿಕೊಳ್ಳೋದು ಒಳ್ಳೇದು.

ರೂಮಿನ ವಿಷಯ ಸ್ವಲ್ಪ ಹೇಳಲೇಬೇಕು. 'ಒಂದೇ ದಿನಕ್ಕೆ ರೂಮ್ ಯಾಕೆ, ದುಡ್ಡು ದಂಡ' ಅಂತ ಅಮ್ಮ ಗಲಾಟೆ ಮಾಡಿದ್ದಳು. ನಾನು ಕೇಳಲಿಲ್ಲ. ಬೀಚಿಗೆ ಹತ್ತಿರ, ನೆಲ ಅಂತಸ್ತು, ಕಮೋಡ್ ಇರೋ ಟಾಯ್ಲೆಟ್: ಈ ಮೂರನ್ನು ಫೋನ್ ಮಾಡಿ ಕೇಳಿಯೇ ಬುಕ್ ಮಾಡಿದ್ದೆ. ಊಟಕ್ಕೆ ಅನ್ನ, ಸಾರು, ಆಮೇಲೆ ಮುರುಗಲು ಹಣ್ಣಿನ ಪಾನಕ. ಸಕ್ಕರೆ ಇರುತ್ತೆ ಅಂತ ಅಮ್ಮನಿಗೆ ಅರ್ಧ ಲೋಟ ಮಾತ್ರ ಕೊಟ್ಟೆ. ಉಳಿದರ್ಧ ನಾನು ಕೈ ತೊಳೆಯೋಕೆ ಹೋದಾಗ ಖಾಲಿಯಾಗಿತ್ತು. ಕರಾವಳಿಯ ಮಧ್ಯಾಹ್ನದ ಸೆಕೆಯಲ್ಲಿ ಮರಳು ಕಾಲು ಸುಡುತ್ತೆ. ಫ್ಯಾನ್ ಕೆಳಗೆ ಎರಡು ಗಂಟೆ ಮಲಗಿದೆವು.

ಮೂರೂವರೆಗೆ ಮತ್ತೆ ಇಳಿದಾಗ ಬೀಚ್ ಬೆಳಗ್ಗೆಗಿಂತ ಅಗಲವಾಗಿತ್ತು. ಪಟ್ಟಿ ಸುಳ್ಳು ಹೇಳಿರಲಿಲ್ಲ. ಬಿಸಿ ಮರಳಿನ ಪಟ್ಟಿ ದಾಟಿಸೋವಾಗ ಅಮ್ಮನ ಭಾರ ಪೂರ್ತಿ ನನ್ನ ಕೈ ಮೇಲಿತ್ತು. ಒದ್ದೆ ಮರಳು ಸಿಕ್ಕಿದ್ದೇ ಆಕೆ ಕೈ ಬಿಡಿಸಿಕೊಂಡಳು. ಆಮೇಲೆ ಒಂದು ಗಂಟೆ, ಮನೆಯಲ್ಲಿ ಬಚ್ಚಲಿಗೆ ಹೋಗೋಕೂ ಗೋಡೆ ಹಿಡಿಯೋ ನಮ್ಮಮ್ಮ, ನೀರಿನ ಅಂಚಿನಲ್ಲಿ ಒಬ್ಬಳೇ ಆಕಡೆ ಈಕಡೆ ನಡೆದಳು. ನಾನು ಎರಡು ಮಾರು ದೂರದಲ್ಲಿ.

ಅಲ್ಲೇ ಎಡವಟ್ಟಾಯಿತು. ನಾನು ಫೋನ್ ನೋಡ್ತಿದ್ದೆ. ಆನ್‌ಕಾಲ್ ನನ್ನದಲ್ಲದಿದ್ದರೂ ಆಫೀಸ್ ಗ್ರೂಪಿನಲ್ಲಿ ಏನೋ ಅಲರ್ಟ್ ಬಂದಿತ್ತು, ಕಣ್ಣು ಹೋಯಿತು. ತಲೆ ಎತ್ತೋ ಹೊತ್ತಿಗೆ ಒಂದು ದೊಡ್ಡ ಅಲೆ ಬಂದು, ವಾಪಸ್ ಹೋಗುವಾಗ ಅಮ್ಮನ ಕಾಲಡಿಯ ಮರಳನ್ನು ಎಳ್ಕೊಂಡು ಹೋಗಿ, ಆಕೆ ಕೂತುಬಿಟ್ಟಿದ್ದಳು. ಮೊಣಕಾಲುದ್ದ ನೀರೂ ಇರಲಿಲ್ಲ. ಆದರೂ ನನ್ನ ಕೈಕಾಲು ತಣ್ಣಗಾಯಿತು. ಓಡಿಹೋಗಿ ಹಿಡಿದರೆ ಆಕೆ ನಗ್ತಾ ಇದ್ದಳು, ಸೀರೆ ಪೂರ್ತಿ ಒದ್ದೆ, ಬಾಯಲ್ಲಿ ಮರಳು. ಎಬ್ಬಿಸೋಕೆ ನನ್ನೊಬ್ಬಳಿಂದ ಆಗಲಿಲ್ಲ. ಪಕ್ಕದಲ್ಲಿದ್ದ ಲೈಫ್‌ಗಾರ್ಡ್ ಬಂದು ತೋಳು ಹಿಡಿದರು, ಆಮೇಲೆ ನನ್ನ ಕಡೆ ತಿರುಗಿ, 'ವಯಸ್ಸಾದವರ ಜೊತೆ ಬಂದಾಗ ಫೋನ್ ಚೀಲದಲ್ಲಿಡಿ ಮೇಡಂ' ಅಂದರು. ಸರಿಯಾಗೇ ಹೇಳಿದರು. ದಂಡ ಅಂತಿದ್ದ ರೂಮಿಗೆ ಹೋಗಿ ಸ್ನಾನ ಮಾಡಿಸಿ, ಸೀರೆ ಬದಲಾಯಿಸಿ, ಐದೂವರೆಗೆ ಆಟೋ ಹತ್ತಿದೆವು. ಅಮ್ಮ ಆಮೇಲೆ ರೂಮಿನ ದುಡ್ಡಿನ ಮಾತೆತ್ತಲಿಲ್ಲ.

ಪ್ಲಾಟ್‌ಫಾರ್ಮ್ ಮೇಲೆ ಕೂತಾಗ ಪಶ್ಚಿಮದ ಮರಗಳ ಹಿಂದೆ ಆಕಾಶ ಕೆಂಪಾಗ್ತಿತ್ತು. ಇನ್ನೊಂದು ಗಂಟೆ ಅಲ್ಲೇ ಇರಬಹುದಿತ್ತಲ್ಲ ಅಂತ ನನಗೆ ಹೊಟ್ಟೆಯೊಳಗೆ ಚುರ್ ಅಂತಿತ್ತು. ಟ್ರೈನ್ ಬಂತು. ಅಮ್ಮ ತನ್ನ ಕಿಟಕಿ ಹಿಡಿದು ಕೂತಳು. ಮಿರ್ಜಾನ್ ದಾಟಿ ಅಘನಾಶಿನಿ ಸೇತುವೆ ಮೇಲೆ ಗಾಡಿ ಬಂದಾಗ ನದಿಯ ನೀರೆಲ್ಲ ಕೆಂಪು. 'ಇದೂ ಸಮುದ್ರಾನಾ?' 'ಅಲ್ಲಮ್ಮ, ಹೊಳೆ. ಇಲ್ಲೇ ಮುಂದೆ ಸಮುದ್ರ ಸೇರುತ್ತೆ.' ಎದುರಿನ ಕಿಟಕಿಯಲ್ಲಿ, ಘಟ್ಟದ ಕಡೆ, ದೊಡ್ಡದೊಂದು ಚಂದ್ರ ಎದ್ದಿತ್ತು. ಅಮ್ಮ ಎರಡೂ ಕಡೆ ಕತ್ತು ತಿರುಗಿಸಿ ತಿರುಗಿಸಿ ನೋಡಿದಳು. ಹೊನ್ನಾವರದಲ್ಲಿ ಶರಾವತಿ ಸೇತುವೆ ಬರುತ್ತೆ, ಎರಡು ಕಿಲೋಮೀಟರ್‌ಗಿಂತ ಉದ್ದ, ಕೊಂಕಣ ರೈಲು ದಾರಿಯಲ್ಲಿ ಅದೇ ಅತಿ ಉದ್ದದ್ದು, ಎಬ್ಬಿಸ್ತೀನಿ ಇರು ಅಂದಿದ್ದೆ. ಅಷ್ಟರಲ್ಲಿ ನಿದ್ದೆ ಹೋಗಿದ್ದಳು. ಎಬ್ಬಿಸಲಿಲ್ಲ.

ಮಧ್ಯರಾತ್ರಿ ನನಗೆ ಬಾಯಾರಿಕೆ. ಕತ್ತಲಲ್ಲಿ ಕೈಯಾಡಿಸಿ, ಅಮ್ಮನ ಚೀಲದ ಪಕ್ಕ ಇದ್ದ ಬಾಟಲಿ ಎತ್ತಿ ಗಟಗಟ ಕುಡಿದೆ. ಬಾಯಿ ತುಂಬಾ ಉಪ್ಪು! ಕೆಮ್ಮಿ ಕೆಮ್ಮಿ ಬೋಗಿಯವರೆಲ್ಲ ಎದ್ದರು. ಅಮ್ಮ ಎದ್ದು ಬಾಟಲಿ ಕಿತ್ಕೊಂಡು ಬೆಳಕಿಗೆ ಹಿಡಿದು ನೋಡಿದಳು.

'ಅರ್ಧ ಖಾಲಿ ಮಾಡಿದೀಯಲ್ಲೇ! ಅದು ನಿಮ್ಮಪ್ಪನಿಗೆ ಅಂತ ತುಂಬಿದ್ದು.'