ತರಗತಿಯ ಕಪಾಟಿಗೆ ಎಂಥ ಕಾದಂಬರಿ?

ಪಾಠ ನಡೆಯುವ ಕೋಣೆಯಲ್ಲೇ, ಮಕ್ಕಳ ಕೈಗೆ ಎಟಕುವ ಎತ್ತರದಲ್ಲಿ ಇಟ್ಟ ಐವತ್ತೋ ನೂರೋ ಪುಸ್ತಕಗಳ ಸಂಗ್ರಹಕ್ಕೆ ತರಗತಿ ಗ್ರಂಥಾಲಯ ಎನ್ನುತ್ತಾರೆ. ಕೆಲವೆಡೆ ಅದೊಂದು ತೆರೆದ ಕಪಾಟು, ಕೆಲವೆಡೆ ಕಿಟಕಿಯಿಂದ ಕಿಟಕಿಗೆ ಕಟ್ಟಿದ ಹಗ್ಗದ ಮೇಲೆ ನೇತುಹಾಕಿದ ಪುಸ್ತಕಗಳ ಸಾಲು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಪ್ರತಿ ಶಾಲೆಯಲ್ಲೂ ದಿನಪತ್ರಿಕೆ, ನಿಯತಕಾಲಿಕೆ, ಕಥೆಪುಸ್ತಕಗಳುಳ್ಳ ಗ್ರಂಥಾಲಯ ಇರಬೇಕು. ಆದರೆ ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವಿನಲ್ಲಿ ಬೀಗದೊಳಗಿರುವ ಪುಸ್ತಕ ಲೆಕ್ಕಕ್ಕೆ ಸಿಗುತ್ತದೆಯೇ ಹೊರತು ಮಕ್ಕಳಿಗೆ ಸಿಗುವುದಿಲ್ಲ. ತರಗತಿ ಗ್ರಂಥಾಲಯ ಹುಟ್ಟಿಕೊಂಡದ್ದು ಈ ಬೀಗವನ್ನು ದಾಟಲಿಕ್ಕೆ.

ಇಂಥ ಸಂಗ್ರಹಗಳಲ್ಲಿ ಚಿತ್ರಪುಸ್ತಕ, ನೀತಿಕಥೆ, ಮಹಾಪುರುಷರ ಜೀವನಚರಿತ್ರೆಗಳೇ ಹೆಚ್ಚು. ಕಾದಂಬರಿಗೆ ಜಾಗ ಕಡಿಮೆ. ಕಾದಂಬರಿಯ ಓದೋ ಬೇರೆಯೇ ಬಗೆಯದು. ಪಠ್ಯಪುಸ್ತಕದ ಪಾಠ ನಾಲ್ಕೈದು ಪುಟಕ್ಕೆ ಮುಗಿದು ಪ್ರಶ್ನೋತ್ತರಕ್ಕೆ ತಿರುಗುತ್ತದೆ. ಕಾದಂಬರಿ ಹಿಡಿದ ಮಗು ಒಬ್ಬ ಹುಡುಗನೊಂದಿಗೋ ಹುಡುಗಿಯೊಂದಿಗೋ ವಾರಗಟ್ಟಲೆ ಇರುತ್ತದೆ. ನಿನ್ನೆ ನಿಲ್ಲಿಸಿದ ಕಡೆಯಿಂದ ಇವತ್ತು ಮುಂದುವರಿಸುತ್ತದೆ, ಮುಂದೇನಾದೀತೆಂದು ಊಹಿಸುತ್ತದೆ, ಊಹೆ ತಪ್ಪಿದಾಗ ಹಿಂದಿನ ಪುಟ ತಿರುವುತ್ತದೆ. ಪಟ್ಟಾಗಿ ಕೂತು ಓದುವ ಅಭ್ಯಾಸ ಬೆಳೆಯುವುದು ಇಲ್ಲಿ. ಹಾಗಾಗಿ ಕಪಾಟಿಗೆ ಯಾವ ಕಾದಂಬರಿ ಬರಬೇಕೆಂಬುದನ್ನು ಯೋಚಿಸಿಯೇ ತೀರ್ಮಾನಿಸಬೇಕಾಗುತ್ತದೆ.

ಕಾದಂಬರಿಕಾರರ ಸೀಮೆಯಲ್ಲಿ

ಈ ಆಯ್ಕೆಯ ಸುಖ-ಕಷ್ಟಗಳೆರಡೂ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ಹುಂಚದಂಥ ಊರಿನಲ್ಲಿ ನಿಚ್ಚಳವಾಗಿ ಕಾಣುತ್ತವೆ. ಹೊಂಬುಜ ಎಂದೂ ಹೆಸರಿರುವ ಈ ಊರು ಸಾಂತರ ಅರಸರ ರಾಜಧಾನಿಯಾಗಿದ್ದ ಜೈನ ಕ್ಷೇತ್ರ. ಪದ್ಮಾವತಿ ಅಮ್ಮನವರ ವಿಗ್ರಹಕ್ಕೆ ತಾಗಿದ ಕಬ್ಬಿಣ ಹೊನ್ನಾಯಿತೆಂಬ, ಸಾಂತರರ ಮೂಲಪುರುಷ ಜಿನದತ್ತರಾಯನ ಐತಿಹ್ಯ ಇಲ್ಲಿಯದು. ರಾಣಿ ಚಟ್ಟಲದೇವಿ ಕಟ್ಟಿಸಿದ 1077ರ ಪಂಚಕೂಟ ಬಸದಿ ಊರಿನಲ್ಲೇ ಇದೆ. ಕಥೆ ಇಲ್ಲಿನ ಮಕ್ಕಳ ಕಿವಿಗೆ ಹೊಸತಲ್ಲ.

ಅಕ್ಕಪಕ್ಕದ ತಾಲ್ಲೂಕುಗಳೂ ಕಾದಂಬರಿಕಾರರ ತವರು. ಕುವೆಂಪು ಅವರ ಕುಪ್ಪಳಿ, ಯು.ಆರ್. ಅನಂತಮೂರ್ತಿಯವರ ಮೇಳಿಗೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿವೆ. ‘ಫಣಿಯಮ್ಮ’ ಬರೆದ ಎಂ.ಕೆ. ಇಂದಿರಾ ತೀರ್ಥಹಳ್ಳಿಯವರು. ಪೂರ್ಣಚಂದ್ರ ತೇಜಸ್ವಿ ಹುಟ್ಟಿದ್ದು ಕುಪ್ಪಳಿಯಲ್ಲೇ. ನಾ. ಡಿಸೋಜ ಸಾಗರದವರು.

ಈ ಸಿರಿಯೇ ಆಯ್ಕೆಗಾರರನ್ನು ದಾರಿ ತಪ್ಪಿಸುವುದೂ ಉಂಟು. ನಮ್ಮ ಸೀಮೆಯ ದೊಡ್ಡವರ ಪುಸ್ತಕ ನಮ್ಮ ಶಾಲೆಯಲ್ಲಿ ಇರಲೇಬೇಕೆಂಬ ಅಭಿಮಾನದಲ್ಲಿ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936), ‘ಮಲೆಗಳಲ್ಲಿ ಮದುಮಗಳು’ (1967), ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಪಾಟು ಸೇರುತ್ತವೆ. ಆರನೇ ತರಗತಿಯ ಮಗು ಮೊದಲೆರಡರ ದಪ್ಪ ನೋಡಿಯೇ ಹಿಂದೆ ಸರಿಯುತ್ತದೆ. ಮೂರರ ಮಾತು, ಮೌನ, ದಾಂಪತ್ಯ, ಧರ್ಮಸಂಕಟಗಳೆಲ್ಲ ವಯಸ್ಕರ ಓದಿಗೆ ದಕ್ಕುವಂಥವು. ಅವುಗಳನ್ನು ಶಾಲೆಯಿಂದ ದೂರವಿಡಬೇಕೆಂದು ಇದರರ್ಥವಲ್ಲ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯನ ಪ್ರಸಂಗಗಳನ್ನು ಶಿಕ್ಷಕರು ಗಟ್ಟಿಯಾಗಿ ಓದಿ ಹೇಳಿದರೆ ಮಲೆನಾಡಿನ ಮಗು ಕಣ್ಣರಳಿಸಿ ಕೇಳುತ್ತದೆ. ಶಿಕ್ಷಕರು ಓದಿ ಹೇಳುವ ಪುಸ್ತಕ ಒಂದು, ಮಗು ತಾನೇ ಎತ್ತಿಕೊಂಡು ಓದುವ ಪುಸ್ತಕ ಇನ್ನೊಂದು. ಕಪಾಟಿನಲ್ಲಿ ಎರಡನೆಯದಕ್ಕೆ ಮೊದಲ ಮಣೆ. ಲೇಖಕರ ಹೆಸರಿಗಿಂತ ಮೊದಲು ಓದುವ ಮಗುವಿನ ಮುಖ ನೆನಪಿಗೆ ಬಂದರೆ ಆಯ್ಕೆ ಅರ್ಧ ಸರಿಯಾದಂತೆ.

ವಯಸ್ಸಿಗೆ ತಕ್ಕ ಮೆಟ್ಟಿಲು

ಚಟುವಟಿಕೆಗಳ ಮೂಲಕ ಕಲಿಸುವ ‘ನಲಿ-ಕಲಿ’ಯ ಮೂರು ವರ್ಷ ಮುಗಿಸಿ ನಾಲ್ಕನೇ ತರಗತಿಗೆ ಬಂದ ಮಗುವಿಗೆ ಅಕ್ಷರ ಕೂಡಿಸುವ ಶ್ರಮ ಇನ್ನೂ ಪೂರ್ತಿ ಹೋಗಿರುವುದಿಲ್ಲ. ಅದರ ಮೊದಲ ಕಾದಂಬರಿ ಐವತ್ತು-ಅರವತ್ತು ಪುಟದ್ದಾಗಿದ್ದು, ಅಕ್ಷರ ದಪ್ಪವಿದ್ದು, ಒಂದೊಂದು ಅಧ್ಯಾಯ ಒಂದೇ ಸಲ ಕೂತಾಗ ಮುಗಿಯುವಂತಿರಬೇಕು. ಪಾತ್ರಗಳು ನಾಲ್ಕೈದು ಸಾಕು. ಕಥೆ ಮೊದಲ ಪುಟದಲ್ಲೇ ಶುರುವಾಗಬೇಕು; ಊರಿನ ವರ್ಣನೆಗೇ ಮೂರು ಪುಟ ಹೋದರೆ ಮಗು ಅಲ್ಲಿಗೇ ಪುಸ್ತಕ ಮುಚ್ಚುತ್ತದೆ.

ಆರು, ಏಳನೇ ತರಗತಿಯವರು ನೂರು-ನೂರೈವತ್ತು ಪುಟದ ಕಥೆಯನ್ನು ಸಲೀಸಾಗಿ ಓದಬಲ್ಲರು. ಇತ್ತೀಚಿನ ಕನ್ನಡ ಮಕ್ಕಳ ಕಾದಂಬರಿಗಳಲ್ಲಿ ಹೆಚ್ಚಿನವು ಈ ವಯಸ್ಸಿಗೆ ಹೊಂದುತ್ತವೆ. ಸಾಹಸ, ಕಾಡು, ಶಾಲೆ, ಗೆಳೆತನ, ಮನೆಯ ಬಡತನ, ಊರು ಬಿಡುವ ಸಂಕಟ ಎಲ್ಲವೂ ಇಲ್ಲಿ ಬರಬಹುದು.

ಪ್ರೌಢಶಾಲೆಗೆ ಬಂದವರಿಗೆ ‘ಮಕ್ಕಳ ಪುಸ್ತಕ’ ಎಂಬ ಹಣೆಪಟ್ಟಿಯೇ ಹಿಡಿಸುವುದಿಲ್ಲ. ದೊಡ್ಡವರಿಗಾಗಿ ಬರೆದ, ಆದರೆ ಇವರಿಗೂ ನಿಲುಕುವ ಕಾದಂಬರಿಗಳನ್ನು ಅವರ ಕೈಗಿಡಬೇಕು. ಹಾರುವ ಓತಿಯ ಬೆನ್ನು ಹತ್ತಿ ಹೋಗುವ ತೇಜಸ್ವಿಯವರ ‘ಕರ್ವಾಲೊ’ (1980) ಇದಕ್ಕೆ ಹೇಳಿ ಮಾಡಿಸಿದ ಪುಸ್ತಕ: ನಗಿಸುತ್ತದೆ, ಕುತೂಹಲ ಹುಟ್ಟಿಸುತ್ತದೆ, ವಿಜ್ಞಾನದ ಪಾಠಕ್ಕೂ ಒದಗುತ್ತದೆ. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಗಾತ್ರದಲ್ಲಿ ಚಿಕ್ಕದು, ಎತ್ತುವ ಪ್ರಶ್ನೆ ದೊಡ್ಡದು. ಬಾಲವಿಧವೆಯೊಬ್ಬಳ ಬಾಳನ್ನು ಹೇಳುವ ‘ಫಣಿಯಮ್ಮ’ ಒಂಬತ್ತು, ಹತ್ತನೇ ತರಗತಿಯವರಿಗೆ ಅಜ್ಜಿಯ ಕಾಲದ ಮಲೆನಾಡನ್ನು ತೋರಿಸುತ್ತದೆ.

ತರಗತಿಯ ಸಂಖ್ಯೆಯೇ ಓದಿನ ಅಳತೆಯಲ್ಲ. ಒಂದೇ ಏಳನೇ ತರಗತಿಯಲ್ಲಿ ‘ಕರ್ವಾಲೊ’ ಮುಗಿಸುವ ಹುಡುಗಿಯೂ ಒತ್ತಕ್ಷರಕ್ಕೆ ತಡವರಿಸುವ ಹುಡುಗನೂ ಅಕ್ಕಪಕ್ಕ ಕೂತಿರುತ್ತಾರೆ. ಕಪಾಟಿನಲ್ಲಿ ಮೇಲಿನ ಮೆಟ್ಟಿಲಿನವು ಕೆಲವು, ಕೆಳಗಿನ ಮೆಟ್ಟಿಲಿನವು ಕೆಲವು ಇದ್ದರೆ ಇಬ್ಬರಿಗೂ ದಾರಿ ಸಿಗುತ್ತದೆ.

ಒಂದು ಪುಟದ ಪರೀಕ್ಷೆ

ಪುಸ್ತಕ ಕಷ್ಟವೋ ಸುಲಭವೋ ಎಂದು ತಿಳಿಯಲು ಸರಳ ಉಪಾಯವಿದೆ. ನಡುವಿನ ಯಾವುದಾದರೂ ಪುಟವನ್ನು ಮಗುವಿನಿಂದ ಓದಿಸುವುದು. ಅರ್ಥವಾಗದ ಪದ ಬಂದಾಗಲೆಲ್ಲ ಒಂದು ಬೆರಳು ಮಡಚುವುದು. ಪುಟ ಮುಗಿಯುವುದರೊಳಗೆ ಐದೂ ಬೆರಳು ಮಡಚಿದರೆ ಆ ಪುಸ್ತಕ ಸದ್ಯಕ್ಕೆ ಭಾರ. ಒಂದೆರಡೇ ಮಡಚಿದರೆ ಹದ.

ಕನ್ನಡದಲ್ಲಿ ಇದರ ಜೊತೆಗೆ ಇನ್ನೆರಡನ್ನು ಗಮನಿಸಬೇಕು. ಸಂಧಿ-ಸಮಾಸಗಳಿಂದ ಉದ್ದವಾದ ಪದಗಳು ಸಾಲುಸಾಲಾಗಿ ಬಂದರೆ ಪ್ರತಿ ಪದದ ಅರ್ಥ ಗೊತ್ತಿದ್ದರೂ ಓದಿನ ಓಟ ಕುಂಟುತ್ತದೆ. ಎರಡನೆಯದು ಆಡುಮಾತು. ಪಾತ್ರಗಳು ಊರಿನ ಕನ್ನಡದಲ್ಲಿ ಮಾತಾಡಿದರೆ ‘ಅಶುದ್ಧ ಭಾಷೆ’ ಎಂದು ಪುಸ್ತಕವನ್ನು ಬದಿಗಿಡುವವರಿದ್ದಾರೆ. ಹುಂಚದ ಆಸುಪಾಸಿನ ಮಕ್ಕಳ ಮನೆಗಳಲ್ಲಿ ಹವಿಗನ್ನಡವೂ ದೀವರ ಕನ್ನಡವೂ ಕೊಂಕಣಿಯೂ ಉರ್ದುವೂ ಕೇಳುತ್ತವೆ. ಘಟ್ಟದ ಕೆಳಗಿನ ಕುಂದಗನ್ನಡವೂ ದೂರದ್ದಲ್ಲ. ತಮ್ಮ ಮನೆಯ ಮಾತು ಅಚ್ಚಾಗಿರುವುದನ್ನು ಕಂಡ ಮಗುವಿಗೆ ಪುಸ್ತಕ ಪರಕೀಯವೆನಿಸುವುದಿಲ್ಲ. ಬಯಲುಸೀಮೆಯ ಮಾತಿನ ಕಾದಂಬರಿಯಾದರೆ ಮೊದಲ ಅಧ್ಯಾಯವನ್ನು ಶಿಕ್ಷಕರು ಓದಿ ಹೇಳಿದರೆ ಸಾಕು, ಕಿವಿ ಪಳಗುತ್ತದೆ.

ಹತ್ತಿರದ್ದು, ದೂರದ್ದು

ಓದಿನ ರುಚಿ ಹತ್ತುವುದು ಪರಿಚಿತ ಲೋಕದಿಂದ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯಿಂದ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ಶರಾವತಿಯ ಹಿನ್ನೀರಿನಡಿ ಹೋದವು. ‘ಮುಳುಗಡೆ’ ಎಂಬ ಪದ ಇಲ್ಲಿನ ಮನೆಮಾತು. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಆ ಬದುಕನ್ನು ಹತ್ತಿರದಿಂದ ಕಂಡ ನಾ. ಡಿಸೋಜ (1937–2025) ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳನ್ನು ಬರೆದರು. ಮಕ್ಕಳಿಗಾಗಿ ಬರೆದ ‘ಮುಳುಗಡೆಯ ಊರಿಗೆ ಬಂದವರು’ ಕಾದಂಬರಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಅಜ್ಜ-ಅಜ್ಜಿಯಿಂದ ಮುಳುಗಿದ ಊರಿನ ಕಥೆ ಕೇಳಿದ ಮಗುವಿಗೆ ಇಂಥ ಪುಸ್ತಕ ಸ್ವಂತದ್ದೆನಿಸುತ್ತದೆ. ‘ದ್ವೀಪ’ವನ್ನು ಹತ್ತನೇ ತರಗತಿಯವರಿಗೆ ಕೊಟ್ಟು, ಗಿರೀಶ ಕಾಸರವಳ್ಳಿ ಅದೇ ಹೆಸರಿನಲ್ಲಿ ಮಾಡಿದ 2002ರ ಚಲನಚಿತ್ರವನ್ನೂ ತೋರಿಸಿದರೆ ಚರ್ಚೆಗೆ ವಿಷಯ ತಾನಾಗಿ ಸಿಗುತ್ತದೆ.

ಹತ್ತಿರದ್ದೇ ಆದರೆ ಲೋಕ ಕಿರಿದಾಗುತ್ತದೆ. ಜಪಾನಿನ ತೆತ್ಸುಕೊ ಕುರೊಯಾನಾಗಿ ತಮ್ಮ ಬಾಲ್ಯದ ಶಾಲೆಯ ಬಗ್ಗೆ ಬರೆದ ‘ತೊತ್ತೊ-ಚಾನ್’ ಕಟ್ಟುನಿಟ್ಟಾಗಿ ಕಾದಂಬರಿಯಲ್ಲ, ನೆನಪಿನ ಕಥನ. ಆದರೂ ಕಾದಂಬರಿಯಂತೆಯೇ ಓದಿಸಿಕೊಳ್ಳುತ್ತದೆ. ಕನ್ನಡದಲ್ಲಿ ಅದು ನ್ಯಾಷನಲ್ ಬುಕ್ ಟ್ರಸ್ಟ್ ಮೂಲಕ ಸಿಗುತ್ತದೆ. ರೈಲಿನ ಬೋಗಿಗಳೇ ತರಗತಿಗಳಾಗಿದ್ದ ಆ ಶಾಲೆಯನ್ನು ಹುಂಚದ ಮಗು ತನ್ನ ಹೆಂಚಿನ ಮಾಡಿನ ಶಾಲೆಯಲ್ಲಿ ಕೂತೇ ನೋಡಬಹುದು. ಕೆನೆತ್ ಆಂಡರ್ಸನ್ನನ ಶಿಕಾರಿ ಅನುಭವಗಳನ್ನು ತೇಜಸ್ವಿ ಕನ್ನಡಕ್ಕೆ ತಂದ ‘ಕಾಡಿನ ಕಥೆಗಳು’ ಸರಣಿಯೂ ಕಾದಂಬರಿಯಲ್ಲ. ಆದರೆ ಓದೆಂದರೆ ಓಡುವ ಹುಡುಗರನ್ನು ಹಿಡಿದು ಕೂರಿಸಲು ಅದರಷ್ಟು ಬಲವಾದ ಪುಸ್ತಕ ಕಡಿಮೆ. ಇಂಥವನ್ನು ದಾಟಿಯೇ ಅವರು ಕಾದಂಬರಿಗೆ ಬರುತ್ತಾರೆ. ಅನುವಾದ ಕೊಳ್ಳುವಾಗ ಎರಡು ಪುಟವನ್ನು ಗಟ್ಟಿಯಾಗಿ ಓದಿ ನೋಡಬೇಕು. ಕನ್ನಡ ನಾಲಿಗೆಗೆ ತೊಡರುವ ಅನುವಾದ ಮಗುವಿಗೂ ತೊಡರುತ್ತದೆ.

ಕಪಾಟಿನ ಕಾದಂಬರಿಗಳನ್ನೆಲ್ಲ ಒಟ್ಟಿಗೆ ಹರಡಿಕೊಂಡು, ಇವುಗಳಲ್ಲಿ ಯಾರ ಮನೆಯ ಕಥೆ ಇದೆ, ಯಾರದಿಲ್ಲ ಎಂದು ಎಣಿಸುವುದೂ ಆಯ್ಕೆಯ ಭಾಗ. ಸಾಹಸ ಮಾಡುವವರೆಲ್ಲ ಹುಡುಗರೇ ಆಗಿ ಹುಡುಗಿಯರು ಬುತ್ತಿ ಕಟ್ಟುವುದಕ್ಕಷ್ಟೇ ಬಂದರೆ ಏನೋ ಕೊರತೆಯಿದೆ. ಕೂಲಿಯವರ, ಗೇಣಿದಾರರ, ದಲಿತರ, ಮುಸ್ಲಿಮರ, ಕ್ರೈಸ್ತರ ಮನೆಯ ಮಕ್ಕಳು ನಾಯಕರಾಗಿರುವ ಕಥೆಗಳೂ ಇರಬೇಕು.

ಸಾವು, ಹಸಿವು, ಜಾತಿಯ ಅವಮಾನ, ಕುಡಿತದ ಅಪ್ಪ ಇಂಥ ವಿಷಯವಿದೆಯೆಂದು ಪುಸ್ತಕವನ್ನು ತಳ್ಳಿಹಾಕುವ ಅಗತ್ಯವಿಲ್ಲ. ಎಷ್ಟೋ ಮಕ್ಕಳು ಅದನ್ನೆಲ್ಲ ಕಂಡೇ ಶಾಲೆಗೆ ಬಂದಿರುತ್ತಾರೆ. ನೋಡಬೇಕಾದ್ದು ಹೇಳಿದ ರೀತಿಯನ್ನು. ಕ್ರೌರ್ಯವನ್ನು ಚಪ್ಪರಿಸುವ ಬರಹ ಬೇಡ. ಹೆಜ್ಜೆಗೊಂದು ನೀತಿ ಹೇಳಿ ಕಥೆಯ ಕತ್ತು ಹಿಸುಕುವ ಬರಹವೂ ಬೇಡ.

ಹೆಸರುಗಳು ಸಿಗುವುದೆಲ್ಲಿ

ಹೊಸ ಪುಸ್ತಕಗಳ ಸುಳಿವಿಗೆ 2010ರಲ್ಲಿ ಶುರುವಾದ ಬಾಲ ಸಾಹಿತ್ಯ ಪುರಸ್ಕಾರದ ಪಟ್ಟಿ ಒಳ್ಳೆಯ ದಾರಿ. ಕನ್ನಡದ ಮೊದಲ ಪುರಸ್ಕಾರ ಬೊಳುವಾರು ಮಹಮ್ಮದ್ ಕುಂಞಿಯವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ’ಗೆ ಸಂದಿತು. 2020ರಲ್ಲಿ ಎಚ್.ಎಸ್. ಬ್ಯಾಕೋಡ ಅವರ ‘ನಾನೂ ಅಂಬೇಡ್ಕರ್’, 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ ಈ ಮನ್ನಣೆ ಪಡೆದವು. ನಾಲ್ಕೂ ಕಾದಂಬರಿಗಳೇ. ಬೀಗಾರರು ಸಾಗರದ ಪಕ್ಕದ ಸಿದ್ದಾಪುರದವರು. ವಿಜಯಶ್ರೀಯವರ ಹಾಲಾಡಿ ಇರುವುದು ಘಟ್ಟ ಇಳಿದರೆ ಸಿಗುವ ಕುಂದಾಪುರ ಸೀಮೆಯಲ್ಲಿ. ಮಕ್ಕಳ ಕಾದಂಬರಿ ಕನ್ನಡದಲ್ಲಿ ಇಲ್ಲವೆಂಬ ದೂರಿಗೆ ಈ ಪಟ್ಟಿಯೇ ಉತ್ತರ.

ಪ್ರಶಸ್ತಿಯೂ ಕೊನೆಯ ಮಾತಲ್ಲ, ತೀರ್ಪುಗಾರರು ದೊಡ್ಡವರು. ಪುಸ್ತಕವನ್ನು ಶಿಕ್ಷಕರು ತಾವೇ ಓದಬೇಕು. ಆಮೇಲೆ ಮೂರ್ನಾಲ್ಕು ಮಕ್ಕಳಿಗೆ ಓದಲು ಕೊಟ್ಟು ಅಭಿಪ್ರಾಯ ಕೇಳಬೇಕು. ಅವರಲ್ಲಿ ತರಗತಿಯ ಜಾಣರಷ್ಟೇ ಇರದೆ, ಓದಲು ಮನಸ್ಸಿಲ್ಲದವರೂ ಒಬ್ಬರಿರಬೇಕು.

ಹಣದ ಲೆಕ್ಕ

ಸಮಗ್ರ ಶಿಕ್ಷಣ ಯೋಜನೆಯಡಿ ಗ್ರಂಥಾಲಯಕ್ಕೆಂದು ಶಾಲೆಯ ಹಂತಕ್ಕೆ ತಕ್ಕಂತೆ ವರ್ಷಕ್ಕೆ 5,000 ರೂಪಾಯಿಯಿಂದ 20,000 ರೂಪಾಯಿವರೆಗೆ ಅನುದಾನ ನಿಗದಿಯಾಗಿದೆ. ಪುಸ್ತಕವೊಂದಕ್ಕೆ ಸರಾಸರಿ 100 ರೂಪಾಯಿ ಎಂದಿಟ್ಟುಕೊಂಡರೆ 5,000 ರೂಪಾಯಿಗೆ ಐವತ್ತು ಪ್ರತಿ. ಐವತ್ತು ಬೇರೆ ಬೇರೆ ಪುಸ್ತಕಗಳ ಬದಲು ಮೂವತ್ತೈದು ಶೀರ್ಷಿಕೆಗಳನ್ನು ಕೊಂಡು, ಐದು ಕಾದಂಬರಿಗಳಿಗೆ ಮಾತ್ರ ತಲಾ ನಾಲ್ಕು ಪ್ರತಿ ತರಿಸಿದರೆ ಲೆಕ್ಕವೂ ಸರಿಹೋಗುತ್ತದೆ, ಗುಂಪಾಗಿ ಓದಿ ಮಾತಾಡುವುದಕ್ಕೂ ಅನುಕೂಲ. ಕಪಾಟಿಗೆ ದಕ್ಕದ ದೊಡ್ಡ ಪುಸ್ತಕಗಳಿಗೆ ಗ್ರಾಮ ಪಂಚಾಯ್ತಿ ಗ್ರಂಥಾಲಯವಿದೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಗುತ್ತದೆ.

ಮಳೆಗಾಲದ ಎಚ್ಚರ

ಮಲೆನಾಡಿನಲ್ಲಿ ಪುಸ್ತಕದ ಒಳಗಿನಷ್ಟೇ ಮೈಕಟ್ಟನ್ನೂ ನೋಡಿ ಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಥಂಡಿಗೆ ಬರೀ ಗೋಂದು ಹಾಕಿ ಅಂಟಿಸಿದ ಪುಸ್ತಕದ ಹಾಳೆಗಳು ಕಳಚುತ್ತವೆ. ದಾರದಲ್ಲಿ ಹೊಲಿದ ಪುಸ್ತಕ ಹೆಚ್ಚು ಬಾಳುತ್ತದೆ. ಕಪಾಟು ಗೋಡೆಗೆ ತಾಗಿರಬಾರದು, ನೆಲದಿಂದ ಗೇಣುದ್ದವಾದರೂ ಮೇಲಿರಬೇಕು. ಇಲ್ಲವಾದರೆ ಬೂಷ್ಟು, ಒರಲೆ ಎರಡೂ ಹತ್ತುತ್ತವೆ. ಹೊಳವಾದ ದಿನ ಪುಸ್ತಕಗಳನ್ನು ಜಗುಲಿಗೆ ತಂದು ಗಾಳಿಗೆ ಹರಡುವ ಕೆಲಸವನ್ನು ಮಕ್ಕಳೇ ಮಾಡಬಹುದು. ಥಂಡಿಗೆ ಹೆದರಿ ಮಳೆಗಾಲವಿಡೀ ಪುಸ್ತಕಗಳನ್ನು ಮುಚ್ಚಿಡುವುದು ಮಾತ್ರ ತಪ್ಪು. ಆಟದ ಬಯಲು ಕೆಸರಾಗಿ, ಮಳೆಗೆ ರಜೆ ಘೋಷಣೆಯಾಗಿ ಮಕ್ಕಳು ಮನೆಯೊಳಗೇ ಉಳಿಯುವ ಆ ದಿನಗಳು ಕಾದಂಬರಿಗೆ ಹೇಳಿ ಮಾಡಿಸಿದವು. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಚೀಲದೊಳಗಿಟ್ಟರೆ ಪುಸ್ತಕ ನೆನೆಯದೆ ಮನೆ ಸೇರುತ್ತದೆ.

ಹೀಗೆ ಮನೆಗೆ ಹೋಗಿ ಬರುವ ಪುಸ್ತಕಗಳ ಲೆಕ್ಕದ ವಹಿಯನ್ನು ಮಕ್ಕಳೇ ಬರೆಯಲಿ. ಹೆಸರು, ತಾರೀಖುಗಳ ಜೊತೆಗೆ ‘ಪೂರ್ತಿ ಓದಿದೆ’, ‘ಅರ್ಧಕ್ಕೆ ಬಿಟ್ಟೆ’ ಎಂದು ಗುರುತು ಹಾಕಲು ಒಂದು ಕಲಂ ಇರಲಿ. ಅರ್ಧಕ್ಕೆ ಬಿಟ್ಟವರನ್ನು ಗದರಬಾರದು. ಗದರಿದರೆ ಎಲ್ಲರೂ ಪೂರ್ತಿ ಓದಿದೆವೆಂದೇ ಬರೆಯುತ್ತಾರೆ, ವಹಿಯ ಪ್ರಯೋಜನ ಅಲ್ಲಿಗೆ ಮುಗಿಯುತ್ತದೆ. ವರ್ಷದ ಕೊನೆಗೆ ಆ ಕಲಂ ನೋಡಿದರೆ ಯಾವ ಕಾದಂಬರಿಗೆ ಇನ್ನೊಂದು ಪ್ರತಿ ಬೇಕು, ಯಾವುದನ್ನು ಮೇಲಿನ ತರಗತಿಗೆ ಕಳಿಸಬೇಕು, ಯಾವುದನ್ನು ತೆಗೆದು ಜಾಗ ಬಿಡಿಸಬೇಕು ಎಂಬುದು ತಿಳಿಯುತ್ತದೆ. ಮುಂದಿನ ವರ್ಷದ ಖರೀದಿ ಪಟ್ಟಿ ಶುರುವಾಗುವುದೂ ಅಲ್ಲಿಂದಲೇ.