ತೋಳಿನ ಪಟ್ಟಿ, ಹೆಗಲ ನಕ್ಷತ್ರ: ಸೇನೆಯಲ್ಲಿ ಬಡ್ತಿ ಸಿಗುವುದು ಹೇಗೆ?

"ಸೇರಿ ಹತ್ತು ವರ್ಷ ಆಯ್ತಲ್ಲಪ್ಪಾ, ಇನ್ನೂ ಸಿಪಾಯಿನೇನಾ?" ರಜೆಗೆ ಊರಿಗೆ ಬಂದ ಯೋಧರು ಈ ಪ್ರಶ್ನೆಯನ್ನು ಮೇಲಿಂದ ಮೇಲೆ ಕೇಳಿಸಿಕೊಳ್ಳುತ್ತಾರೆ. ಕೇಳುವವರಿಗೆ ಕೆಟ್ಟ ಮನಸ್ಸಿರುವುದಿಲ್ಲ. ಆದರೂ ಕೇಳಿಸಿಕೊಂಡವನಿಗೆ ನೋವಾಗುತ್ತದೆ. ಸೇನೆಯ ಬಡ್ತಿ ಹೇಗೆ ನಡೆಯುತ್ತದೆ ಎಂದು ಮನೆಯವರಿಗೆ ಗೊತ್ತಿದ್ದರೆ ಆ ಪ್ರಶ್ನೆಯೇ ಬರುವುದಿಲ್ಲ. ಅಲ್ಲಿ ಕೆಲವು ಹುದ್ದೆಗಳು ವರ್ಷ ತುಂಬಿದರೆ ಸಿಗುತ್ತವೆ. ಕೆಲವು, ಮೇಲೆ ಜಾಗ ಖಾಲಿಯಾದರೆ ಮಾತ್ರ ಸಿಗುತ್ತವೆ.

ಭೂಸೇನೆಯನ್ನೇ ತೆಗೆದುಕೊಳ್ಳೋಣ. ಅಲ್ಲಿ ಮೂರು ವರ್ಗಗಳಿವೆ. ಮೊದಲನೆಯದು ಜವಾನರದು: ಸಿಪಾಯಿ, ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್. ಇವರ ಗುರುತು ತೋಳಿನ ಮೇಲಿರುತ್ತದೆ. ಒಂದು ಪಟ್ಟಿ ಇದ್ದರೆ ಲ್ಯಾನ್ಸ್ ನಾಯಕ್, ಎರಡಿದ್ದರೆ ನಾಯಕ್, ಮೂರಿದ್ದರೆ ಹವಾಲ್ದಾರ್. ಅಶ್ವದಳದಿಂದ ಬೆಳೆದುಬಂದ ಟ್ಯಾಂಕ್ ರೆಜಿಮೆಂಟುಗಳಲ್ಲಿ ಸಿಪಾಯಿಗೆ ಸವಾರ್ ಎಂದೂ ಹವಾಲ್ದಾರನಿಗೆ ದಫೇದಾರ್ ಎಂದೂ ಹೆಸರು. ಹೆಸರು ಬೇರೆಯಾದರೂ ದರ್ಜೆ ಒಂದೇ.

ಎರಡನೆಯದು ಜೆಸಿಓ, ಅಂದರೆ ಜೂನಿಯರ್ ಕಮಿಷನ್ಡ್ ಆಫೀಸರ್. ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ಈ ವರ್ಗದವರು. ಜವಾನರಾಗಿ ಸೇರಿ, ದಶಕಗಳ ದುಡಿಮೆಯಿಂದ ಮೇಲೆ ಬಂದವರೇ ಇವರಲ್ಲಿ ಬಹುಪಾಲು. ಮೂರನೆಯದು ಅಧಿಕಾರಿಗಳ ವರ್ಗ. ಲೆಫ್ಟಿನೆಂಟ್‌ನಿಂದ ಶುರುವಾಗಿ ಕ್ಯಾಪ್ಟನ್, ಮೇಜರ್, ಲೆಫ್ಟಿನೆಂಟ್ ಕರ್ನಲ್, ಕರ್ನಲ್, ಬ್ರಿಗೇಡಿಯರ್, ಮೇಜರ್ ಜನರಲ್, ಲೆಫ್ಟಿನೆಂಟ್ ಜನರಲ್, ಕೊನೆಗೆ ಜನರಲ್‌ವರೆಗೆ ಹೋಗುತ್ತದೆ.

ಎರಡು ನಕ್ಷತ್ರ ಕಂಡರೆ ಅವರು ಸುಬೇದಾರರೋ ಲೆಫ್ಟಿನೆಂಟರೋ ಎಂಬ ಅನುಮಾನ ಅನೇಕರಿಗೆ ಬರುತ್ತದೆ. ಹೆಗಲನ್ನು ಹತ್ತಿರದಿಂದ ನೋಡಿ. ನಕ್ಷತ್ರಗಳ ಜೊತೆಗೆ ಕೆಂಪು-ಹಳದಿ-ಕೆಂಪು ಬಣ್ಣದ ಅಡ್ಡಪಟ್ಟಿ ಇದ್ದರೆ ಅವರು ಸುಬೇದಾರ್, ಇಲ್ಲದಿದ್ದರೆ ಲೆಫ್ಟಿನೆಂಟ್. ಹಾಗೆಯೇ ಸಿಂಹ ಲಾಂಛನದ ಜೊತೆ ಆ ಪಟ್ಟಿ ಇದ್ದರೆ ಸುಬೇದಾರ್ ಮೇಜರ್, ಬರೀ ಲಾಂಛನ ಇದ್ದರೆ ಮೇಜರ್. ಹುದ್ದೆಯ ಲೆಕ್ಕದಲ್ಲಿ ಲೆಫ್ಟಿನೆಂಟ್ ದೊಡ್ಡವನು. ಆದರೂ ಇಪ್ಪತ್ತೆರಡರ ಆ ಹುಡುಗ ತನ್ನ ಪ್ಲಟೂನಿನ ಸುಬೇದಾರರನ್ನು "ಸಾಹಬ್" ಎಂದೇ ಕರೆಯುತ್ತಾನೆ. ಸುಬೇದಾರರೂ ಅವನನ್ನು "ಸಾಬ್" ಎಂದು ಕರೆದು ಸೆಲ್ಯೂಟ್ ಹೊಡೆಯುತ್ತಾರೆ. ಅನುಭವಕ್ಕೂ ಅಧಿಕಾರಕ್ಕೂ ಒಟ್ಟಿಗೆ ಗೌರವ ಸಲ್ಲುವ ಈ ಪದ್ಧತಿ ನಮ್ಮ ಸೇನೆಯ ದೊಡ್ಡ ಶಕ್ತಿ ಎಂದು ನನ್ನ ನಂಬಿಕೆ.

ಈಗ ಜವಾನರ ಬಡ್ತಿಗೆ ಬರೋಣ. ಇಲ್ಲಿ ಸೇವೆಯ ವರ್ಷಗಳಷ್ಟೇ ಸಾಲದು. ಬಡ್ತಿಗೆ ಮೊದಲು ಕೇಡರ್ ಎಂಬ ತರಬೇತಿ ಮುಗಿಸಿ ಪರೀಕ್ಷೆ ಪಾಸಾಗಬೇಕು. ಸೇನೆ ನಿಗದಿ ಮಾಡಿದ ಶಿಕ್ಷಣ ಅರ್ಹತೆ ಇರಬೇಕು. ಮ್ಯಾಪ್ ರೀಡಿಂಗ್, ಅಂದರೆ ನಕ್ಷೆ ನೋಡಿ ನೆಲ ಗುರುತಿಸುವ ಪರೀಕ್ಷೆಯನ್ನೂ ಪಾಸು ಮಾಡಿಕೊಂಡಿರಬೇಕು. ದೇಹ ಗಟ್ಟಿಯಾಗಿರಬೇಕು. ಪೂರ್ತಿ ಆರೋಗ್ಯವಂತರನ್ನು ಸೇನೆಯಲ್ಲಿ ಶೇಪ್-1 ಎಂದು ಗುರುತಿಸುತ್ತಾರೆ. ಶಿಸ್ತಿನ ದಾಖಲೆಯೂ ಚೊಕ್ಕವಾಗಿರಬೇಕು. ಗಂಭೀರ ತಪ್ಪಿಗೆ ಶಿಕ್ಷೆಯಾದರೆ ಸೇವಾ ದಾಖಲೆಯಲ್ಲಿ ಕೆಂಪು ಶಾಯಿಯ ನಮೂದು ಬೀಳುತ್ತದೆ, ಅದು ಬಡ್ತಿಗೆ ಅಡ್ಡ ಬರುತ್ತದೆ.

ಇಷ್ಟೆಲ್ಲ ಇದ್ದರೂ ಮೇಲೆ ಜಾಗ ಖಾಲಿ ಇರಬೇಕು. ನೂರಾರು ಯೋಧರಿರುವ ಒಂದು ಬೆಟಾಲಿಯನ್ನಿಗೆ ಸುಬೇದಾರ್ ಮೇಜರ್ ಒಬ್ಬರೇ. ಮೇಲಕ್ಕೆ ಹೋದಂತೆ ಜಾಗ ಕಿರಿದಾಗುತ್ತಲೇ ಹೋಗುತ್ತದೆ. ಅದರ ಜೊತೆಗೆ, ಹಿರಿತನದ ಪಟ್ಟಿ ಇಡೀ ಸೇನೆಗೆ ಒಂದೇ ಅಲ್ಲ. ಒಂದೊಂದು ರೆಜಿಮೆಂಟಿಗೆ, ಅದರೊಳಗೆ ಒಂದೊಂದು ಟ್ರೇಡಿಗೆ, ಅಂದರೆ ಕೆಲಸದ ವಿಭಾಗಕ್ಕೆ, ಬೇರೆ ಬೇರೆ ಪಟ್ಟಿ ಇರುತ್ತದೆ. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿಯ ಪಟ್ಟಿ ಬೇರೆ, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಪಟ್ಟಿ ಬೇರೆ. ಒಂದೇ ದಿನ ಸೇರಿದ ಒಂದೇ ಊರಿನ ಇಬ್ಬರಲ್ಲಿ ಒಬ್ಬ ಹವಾಲ್ದಾರ್ ಆಗಿ ಇನ್ನೊಬ್ಬ ನಾಯಕ್ ಆಗಿಯೇ ಉಳಿದಿದ್ದರೆ ಕಾರಣ ಇಲ್ಲಿರಬಹುದು. ಅದರಲ್ಲಿ ಎರಡನೆಯವನ ತಪ್ಪೇನೂ ಇರಬೇಕಾಗಿಲ್ಲ.

ಹವಾಲ್ದಾರ್‌ನಿಂದ ನಾಯಬ್ ಸುಬೇದಾರ್ ಆಗುವಾಗ ಎಸಿಆರ್ ಮುಖ್ಯವಾಗುತ್ತದೆ. ಮೇಲಧಿಕಾರಿ ಪ್ರತಿ ವರ್ಷ ಬರೆಯುವ ಗೋಪ್ಯ ವರದಿ ಇದು. ಈಚಿನ ವರ್ಷಗಳ ವರದಿಗಳನ್ನು ಮುಂದಿಟ್ಟುಕೊಂಡು ಆಯ್ಕೆ ಸಮಿತಿ ತೀರ್ಮಾನ ಮಾಡುತ್ತದೆ. ಒಂದು ವರ್ಷದ ಕಳಪೆ ವರದಿಯೂ ಇಲ್ಲಿ ದುಬಾರಿಯಾಗಬಹುದು.

ಬಡ್ತಿ ಸಿಗದಿದ್ದರೆ ನಷ್ಟವೇನು? ಸಂಬಳಕ್ಕಿಂತ ದೊಡ್ಡದು ಸೇವಾ ಅವಧಿ. ಸೇನೆಯಲ್ಲಿ ನಿವೃತ್ತಿ ಹುದ್ದೆಯ ಮೇಲೆ ನಿಂತಿದೆ. ಸ್ಕ್ರೀನಿಂಗ್ ಪಾಸಾದವರಿಗೆ ಸಿಗುವ 2 ವರ್ಷದ ವಿಸ್ತರಣೆ ಸೇರಿಸಿದರೆ ನಾಯಕ್‌ಗೆ 24 ವರ್ಷ, ಹವಾಲ್ದಾರ್‌ಗೆ 26, ನಾಯಬ್ ಸುಬೇದಾರ್‌ಗೆ 28, ಸುಬೇದಾರ್‌ಗೆ 30 ವರ್ಷ ಸೇವೆ. ಇದಕ್ಕೆ ವಯಸ್ಸಿನ ಮಿತಿಯೂ ಉಂಟು. ಹದಿನೆಂಟು, ಹತ್ತೊಂಬತ್ತಕ್ಕೆ ಸೇರಿದವನು ನಾಯಕ್ ಆಗಿಯೇ ಉಳಿದರೆ ನಲವತ್ತರ ಆಸುಪಾಸಿನಲ್ಲೇ ಮನೆಗೆ ಬರಬೇಕು. ಮಕ್ಕಳು ಆಗಿನ್ನೂ ಹೈಸ್ಕೂಲಿನಲ್ಲಿರುತ್ತಾರೆ. ಸಾಲ, ಮನೆ ಕಟ್ಟುವ ಯೋಚನೆ ಮಾಡುವ ಕುಟುಂಬಗಳು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು.

ಸಂಬಳದ ವಿಷಯದಲ್ಲಿ ಒಂದು ಸಮಾಧಾನ ಇದೆ. ಎಂಎಸಿಪಿ ಎಂಬ ವ್ಯವಸ್ಥೆಯಲ್ಲಿ ಬಡ್ತಿ ಸಿಗದ ಜವಾನನಿಗೂ 8, 16, 24 ವರ್ಷಗಳಿಗೆ ಮೇಲಿನ ವೇತನ ಶ್ರೇಣಿ ಸಿಗುತ್ತದೆ. ತೋಳಿನ ಪಟ್ಟಿ ಬದಲಾಗುವುದಿಲ್ಲ, ಸಂಬಳ ಬದಲಾಗುತ್ತದೆ. ಏಳನೇ ವೇತನ ಆಯೋಗದ ಪ್ರಕಾರ ಆರಂಭದ ಮೂಲವೇತನ ಸಿಪಾಯಿಗೆ 21,700 ರೂಪಾಯಿ, ನಾಯಕ್‌ಗೆ 25,500, ಹವಾಲ್ದಾರ್‌ಗೆ 29,200, ನಾಯಬ್ ಸುಬೇದಾರ್‌ಗೆ 35,400, ಲೆಫ್ಟಿನೆಂಟ್‌ಗೆ 56,100. ಇದರ ಮೇಲೆ ತುಟ್ಟಿಭತ್ಯೆ, ಸೇನಾ ಸೇವಾ ವೇತನ ಮತ್ತು ಇತರ ಭತ್ಯೆಗಳು ಸೇರುತ್ತವೆ.

2022ರಿಂದ ಸೇರುತ್ತಿರುವ ಅಗ್ನಿವೀರರ ದಾರಿ ಬೇರೆ. ಅವರದು ನಾಲ್ಕು ವರ್ಷದ ಸೇವೆ. ಅದು ಮುಗಿದ ಮೇಲೆ ಶೇಕಡಾ 25ರವರೆಗೆ ಮಾತ್ರ ಕಾಯಂ ಆಗುತ್ತಾರೆ. ನಾಯಕ್, ಹವಾಲ್ದಾರ್ ಎಂಬ ಮಾತು ಅವರಿಗೆ ಶುರುವಾಗುವುದೇ ಆಮೇಲೆ.

ಅಧಿಕಾರಿಗಳಲ್ಲಿ ಮೊದಲ ಮೂರು ಬಡ್ತಿ ಕಾಲದ ಲೆಕ್ಕದಲ್ಲಿ ಬರುತ್ತವೆ. ಎ.ವಿ. ಸಿಂಗ್ ಸಮಿತಿಯ ಶಿಫಾರಸಿನಂತೆ 2004ರ ಡಿಸೆಂಬರ್‌ನಿಂದ ಈ ನಿಯಮ ಬಂತು: 2 ವರ್ಷಕ್ಕೆ ಕ್ಯಾಪ್ಟನ್, 6ಕ್ಕೆ ಮೇಜರ್, 13ಕ್ಕೆ ಲೆಫ್ಟಿನೆಂಟ್ ಕರ್ನಲ್. ನಡುವೆ ಪಾರ್ಟ್ ಬಿ, ಪಾರ್ಟ್ ಡಿ ಎಂಬ ಇಲಾಖಾ ಪರೀಕ್ಷೆಗಳಿರುತ್ತವೆ. ಕರ್ನಲ್‌ನಿಂದ ಮೇಲೆ ಆಯ್ಕೆ ಮಂಡಳಿಯ ಕೆಲಸ. ಒಂದೇ ವರ್ಷ ಸೇರಿದವರನ್ನು ಒಂದು ತಂಡವಾಗಿ ಪರಿಗಣಿಸಿ, ಗೋಪ್ಯ ವರದಿಯ ಅಂಕಗಳು, ಕೋರ್ಸುಗಳು, ಪದಕಗಳು ಎಲ್ಲವನ್ನೂ ತೂಗುತ್ತಾರೆ. ಒಬ್ಬರಿಗೆ ಮೂರು ಅವಕಾಶ. ಮೂರರಲ್ಲೂ ಆಗದಿದ್ದರೆ 26 ವರ್ಷ ಸೇವೆಯ ನಂತರ ಟೈಮ್ ಸ್ಕೇಲ್ ಕರ್ನಲ್, ಅಂದರೆ ಕಾಲಾವಧಿಯ ಮೇಲೆ ಸಿಗುವ ಕರ್ನಲ್ ಹುದ್ದೆ ಉಂಟು. ಹೆಚ್ಚಿನ ವಿಭಾಗಗಳಲ್ಲಿ ಮಹಿಳಾ ಅಧಿಕಾರಿಗಳಿಗೆ ಕರ್ನಲ್ ಹುದ್ದೆಯ ಬಾಗಿಲು ಬಹುಕಾಲ ಮುಚ್ಚಿತ್ತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕಾಯಂ ಕಮಿಷನ್ ಮತ್ತು ಕಮಾಂಡ್ ಹುದ್ದೆಗಳ ಬಗ್ಗೆ ಕೊಟ್ಟ ತೀರ್ಪು ಅದನ್ನು ತೆರೆಯಿತು. ತಡವಾಗಿ ಸಿಕ್ಕ ನ್ಯಾಯ, ಆದರೆ ನ್ಯಾಯವೇ.

ಫೀಲ್ಡ್ ಮಾರ್ಷಲ್ ಪದವಿ ಈ ಲೆಕ್ಕದೊಳಗೆ ಬರುವುದಿಲ್ಲ. ಅದು ರಾಷ್ಟ್ರ ಕೊಡುವ ಗೌರವ. ಭೂಸೇನೆಯಲ್ಲಿ ಇಬ್ಬರಿಗೆ ಮಾತ್ರ ಸಂದಿದೆ: 1973ರಲ್ಲಿ ಮಾಣೆಕ್ ಷಾ ಅವರಿಗೆ, 1986ರಲ್ಲಿ ನಮ್ಮ ಕೊಡಗಿನ ಕೆ.ಎಂ. ಕಾರ್ಯಪ್ಪ ಅವರಿಗೆ.

ಇಲ್ಲಿಯವರೆಗೆ ಹೇಳಿದ್ದು ಭೂಸೇನೆಯ ಮಾತು. ಬೇರೆ ಪಡೆಗಳಲ್ಲಿ ಹುದ್ದೆಯ ಹೆಸರು ಒಂದೇ ಆದರೂ ದರ್ಜೆ ಬೇರೆ ಇರಬಹುದು. ನೌಕಾಪಡೆಯ ಕ್ಯಾಪ್ಟನ್ ಭೂಸೇನೆಯ ಕ್ಯಾಪ್ಟನ್‌ಗೆ ಸಮ ಅಲ್ಲ. ಅವರು ಕರ್ನಲ್‌ಗೆ ಸಮ. ವಾಯುಪಡೆಯ ಗ್ರೂಪ್ ಕ್ಯಾಪ್ಟನ್ ಕೂಡ ಅಷ್ಟೇ. 2025ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿಬಂದ ಶುಭಾಂಶು ಶುಕ್ಲಾ ಅದೇ ದರ್ಜೆಯವರು.

ಜವಾನನಾಗಿ ಸೇರಿ ಅಧಿಕಾರಿಯಾಗುವ ದಾರಿಯೂ ಇದೆ. ಡೆಹ್ರಾಡೂನಿನ ಆರ್ಮಿ ಕೆಡೆಟ್ ಕಾಲೇಜು ಅದಕ್ಕಾಗಿಯೇ ಇರುವುದು. ಪಿಯುಸಿ ಪಾಸಾದ, 20ರಿಂದ 27ರೊಳಗಿನ ಯೋಧರು ಸೇವೆಯಲ್ಲಿದ್ದುಕೊಂಡೇ ಅರ್ಜಿ ಹಾಕಬಹುದು. ಆಯ್ಕೆಯಾದರೆ ಮೂರು ವರ್ಷ ಅಲ್ಲಿ ಪದವಿ ಓದು, ನಂತರ ಒಂದು ವರ್ಷ ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲಿ ತರಬೇತಿ. ನಿಮ್ಮ ಮನೆಯ ಹುಡುಗ ಓದಿನಲ್ಲಿ ಚುರುಕಾಗಿದ್ದರೆ ಈ ಮಾತನ್ನು ಅವನ ಕಿವಿಗೆ ಹಾಕಿ. ವಯಸ್ಸು ಮೀರಿದ ಮೇಲೆ ಗೊತ್ತಾದರೆ ಉಪಯೋಗವಿಲ್ಲ.

ಬಡ್ತಿಯಲ್ಲಿ ಅನ್ಯಾಯವಾಗಿದೆ ಅನಿಸಿದರೆ ಮೊದಲು ಯೂನಿಟ್ಟಿನಲ್ಲೇ ವಿಚಾರಿಸಬೇಕು. ಹಿರಿತನದ ದಾಖಲೆ ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿರುತ್ತದೆ. ಅಲ್ಲಿ ಸರಿಹೋಗದಿದ್ದರೆ ಸೇನಾ ಕಾಯ್ದೆಯ ಪ್ರಕಾರ ಜವಾನರು ಮತ್ತು ಜೆಸಿಓಗಳು 26ನೇ ಸೆಕ್ಷನ್ ಕೆಳಗೆ, ಅಧಿಕಾರಿಗಳು 27ನೇ ಸೆಕ್ಷನ್ ಕೆಳಗೆ ಲಿಖಿತ ದೂರು ಕೊಡಬಹುದು. ಅಲ್ಲೂ ಪರಿಹಾರ ಸಿಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಕರ್ನಾಟಕದ ಪ್ರಕರಣಗಳನ್ನು ಅದರ ಕೊಚ್ಚಿ ಪೀಠ ನೋಡುತ್ತದೆ. ಬಡ್ತಿಗೆ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. "ಮೇಲಿನವರ ಪರಿಚಯ ಇದೆ, ಮಾಡಿಸಿಕೊಡ್ತೀನಿ" ಎಂದು ಯಾರಾದರೂ ಮನೆ ಬಾಗಿಲಿಗೆ ಬಂದರೆ ಒಂದು ರೂಪಾಯಿಯನ್ನೂ ಕೊಡಬೇಡಿ.